ಮೂಡಣಕ್ಕೆ ತಲೆಯಿಟ್ಟ ಕೂಸು

ಪೂಜ್ಯ ಹನ್ನವ್ವನವರು ತಮ್ಮ ಕಡೆಯ ವರ್ಷಗಳನ್ನು ಕಳೆದದ್ದು ಗದಗ ಸೀಮೆಯ ಕೆಂಪಗಟ್ಟಿಯಲ್ಲಿ, ಕ್ರೈಸ್ತರ ಸಮಾಧಿ ಭೂಮಿಯ ಗೋಡೆಗೆ ಒರಗಿದ್ದ ಒಂದು ಮಣ್ಣಿನ ಮನೆಯಲ್ಲಿ. ಒಂದೇ ಕೋಣೆ, ಒಂದೇ ಬಾಗಿಲು. ಬಾಗಿಲು ಮೂಡಣಕ್ಕಿತ್ತು. ಸಭೆಯಲ್ಲಿ ಯಾರೇ ತೀರಿಕೊಂಡರೂ ಅವರ ದೇಹಕ್ಕೆ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ, ಮಣ್ಣಿಗೆ ಒಪ್ಪಿಸುವವರೆಗೂ ಜೊತೆಗಿರುವುದು ಅವರು ತಾವಾಗಿಯೇ ಹೊತ್ತ ಸೇವೆ. ಗೋರಿ ಮುಚ್ಚುವ ಮೊದಲು ಬಗ್ಗಿ, "ಮಲಕೋ. ಕರದಾಗ ಏಳುವಂತಿ" ಎನ್ನುತ್ತಿದ್ದರು. ಅಷ್ಟೇ ಅವರ ಉಪದೇಶ.

ಆ ಭೂಮಿಯಲ್ಲಿ ಎಲ್ಲರನ್ನೂ ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ ಇಟ್ಟು ಮಲಗಿಸುತ್ತಾರೆ. ಕರ್ತನು ಸತ್ತವರನ್ನು ಎಬ್ಬಿಸಲು ಮರಳಿ ಬರುವುದು ಮೂಡಣದಿಂದ ಎಂದು ಹಿರಿಯರ ನಂಬಿಕೆ. ಸತ್ತವರು ಎದ್ದು ಕೂತಾಗ ಅವರ ಕಣ್ಣಿಗೆ ಮೊದಲು ಬೀಳುವುದು ಆತನ ಮುಖವಾಗಿರಬೇಕು. ಶಿಲುಬೆಯನ್ನು ತಲೆಯ ಕಡೆ ನೆಡುವುದು ವಾಡಿಕೆ.

ಒಂದು ವರ್ಷ, ಕರ್ತನು ಸಾವಿನಿಂದ ಎದ್ದ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ಹೊರ ಊರಿನ ಬೋಧಕರೊಬ್ಬರು ಕೆಂಪಗಟ್ಟಿಗೆ ಬಂದರು. ಪ್ರವಾದನೆಗಳನ್ನು ಕೂಡಿಸಿ ಕಳೆದು ನೋಡಿದ್ದೇನೆ, ಈ ಪುನರುತ್ಥಾನದ ಹಬ್ಬದಂದು ಸೂರ್ಯ ಹುಟ್ಟುವ ಹೊತ್ತಿಗೆ ಕರ್ತನು ಬರುತ್ತಾನೆ ಎಂದು ಸಾರಿದರು. ಊರು ಕಲಕಿತು. ಜನ ಗೋರಿಗಳಿಗೆ ಸುಣ್ಣ ಬಳಿದರು, ಬಿಳಿ ಬಟ್ಟೆ ಹೊಲಿಸಿದರು. ದರ್ಜಿಯ ಅಂಗಡಿಯಲ್ಲಿ ನೂಕುನುಗ್ಗಲು.

"ಗುಂಡಿ ಹಚ್ಚಾಕ ಹೊತ್ತಿಲ್ಲಪಾ, ಹಂಗ ಮ್ಯಾಲೇರ್ರಿ" ಎಂದು ದರ್ಜಿ ಎಲ್ಲರಿಗೂ ಹೇಳುತ್ತಿದ್ದ.

ಬೋಧಕರು ಹನ್ನವ್ವನವರನ್ನೂ ಕಂಡು, "ನೀವು ಸಿದ್ಧರಾಗಿದ್ದೀರಾ ತಾಯಿ?" ಎಂದು ಕೇಳಿದರು. ಅವರು ಕಸಬರಿಗೆ ನಿಲ್ಲಿಸಿ, "ನೀವು ಒಂದು ದಿನ ಕಾಯಾಕತ್ತೀರಿ. ನಾ ದಿನಾ ಕಾಯ್ತೀನ್ರಿ" ಎಂದರು. ಮತ್ತೆ ಗುಡಿಸತೊಡಗಿದರು. ಮುಂಜಾನೆ ಬಾಗಿಲು ತೆರೆದು ಮೂಡಣಕ್ಕೆ ಕೈ ಮುಗಿಯುವುದು, ಗೋರಿಗಳ ನಡುವೆ ಕಸ ಗುಡಿಸುವುದು ಅವರ ನಿತ್ಯದ ಕ್ರಮವಾಗಿತ್ತು.

ಊರಲ್ಲಿ ನಗುತ್ತಿದ್ದವನು ಒಬ್ಬನೇ, ಕಲ್ಲು ಗಾರೆ ಕೆಲಸದ ಗೌಂಡಿ ಎಲೀಷಪ್ಪ. "ನನಗೂ ಒಂದು ಬಿಳಿ ಅಂಗಿ ಹೊಲಿ. ಆತ ಬರದಿದ್ರ ಯಾರದಾರ ಮದುವಿಗೆ ಆಗತೈತಿ" ಎಂದು ದರ್ಜಿಯನ್ನು ಛೇಡಿಸಿದ್ದ. ಹಿಂದೊಮ್ಮೆ ಕಾಲರಾ ಬಂದಾಗ ಅವನ ಒಬ್ಬಳೇ ಮಗಳು ಲುದಿಯಾ ತೀರಿಕೊಂಡಿದ್ದಳು. ಆಗ ಅವನೂ ಹೆಂಡತಿ ಸಾರವ್ವನೂ ಅದೇ ರೋಗದಿಂದ ಹಾಸಿಗೆ ಹಿಡಿದಿದ್ದರು. ಮಗಳ ಮಣ್ಣಿಗೂ ಹೋಗಲಾಗಲಿಲ್ಲ. ಅಂದಿನಿಂದ ಅವನು ದೇವಾಲಯದ ಮೆಟ್ಟಿಲು ಹತ್ತಿರಲಿಲ್ಲ. "ಸತ್ತವರು ಏಳೂದಿಲ್ಲ, ಮಣ್ಣಾಗತಾರ. ನಾ ಗೌಂಡಿ, ಮಣ್ಣು ನನಗ ಗೊತ್ತೈತಿ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಹಬ್ಬದ ಹಿಂದಿನ ದಿನ, ಸಾರವ್ವನ ಕಣ್ಣೀರಿಗೆ ಸೋತು, ಅವನು ಮಗಳ ಗೋರಿಗೆ ಕಲ್ಲಿನ ಶಿಲುಬೆ ನೆಡಲು ಹೋದ. ಹಳೆಯ ಮರದ ಶಿಲುಬೆಯನ್ನು ಗೆದ್ದಲು ತಿಂದಿತ್ತು. ಎಲ್ಲ ಗೋರಿಗಳಂತೆ ಪಡುವಣದ ತುದಿಯಲ್ಲಿ ಕುಣಿ ತೋಡಿ, ಕಲ್ಲು ನಿಲ್ಲಿಸಿ, ಗಚ್ಚು ಹಾಕಿದ. ಗೋರಿ ತೋಡುವ ದುರಗಪ್ಪ ಗೋಡೆಯ ಮೇಲೆ ಕೂತು ನೋಡುತ್ತಿದ್ದವನು ನಕ್ಕುಬಿಟ್ಟ.

"ಏ ಗೌಂಡಿ, ಶಿಲುಬಿ ಕಾಲ ಕಡಿ ನೆಟ್ಟೀಯಲ್ಲೋ! ಆ ಕೂಸಿನ ತಲಿ ಮೂಡಣಕ್ಕೈತಿ."

"ಏನಂದಿ?"

ದುರಗಪ್ಪನ ನಗು ನಿಂತಿತು. "ಅವತ್ತು ಮಳಿ ಹೊಡ್ಯಾಕತ್ತಿತ್ತೋ. ಕಂದೀಲು ಆರಿತ್ತು. ನಾನೂ ಹನ್ನವ್ವನೂ ಇಬ್ಬರ ಇದ್ವಿ. ಇಳಿಸಿ ಮಣ್ಣು ಎಳದ ಮ್ಯಾಲ ತಿಳೀತು, ದಿಕ್ಕು ತಪ್ಪೇತಿ ಅಂತ. ಇನ್ನೂ ಹೆಣಾ ಬರಾಕತ್ತಿದ್ವು…"

ಎಲೀಷಪ್ಪ ಎದ್ದ. ಹೋಗಿ ಹಾರೆ ತಂದ. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹನ್ನವ್ವನವರು ಅವನ ನಡಿಗೆ ಕಂಡು ಮೊರ ಬದಿಗಿಟ್ಟು ಗೋರಿಯ ಬಳಿಗೆ ಬಂದರು.

"ಯವ್ವಾ, ಖರೇ ಹೇಳ್ರಿ. ನನ್ನ ಮಗಳ ತಲಿ ಯಾ ಕಡಿ ಐತಿ?"

"ಮೂಡಣಕ್ಕ."

"ಗೊತ್ತಿದ್ದೂ ಸುಮ್ಮನಿದ್ರಿ?"

"ಇದ್ದೆ. ನಿನಗ ಹೇಳಬೇಕಿತ್ತು. ತಪ್ಪು ನಂದು, ತಮ್ಮಾ."

ಅವರು ಕೈ ಜೋಡಿಸಿದರು. ಅವನ ಸಿಟ್ಟಿಗೆ ಹಿಡಿಯಲು ಏನೂ ಸಿಗಲಿಲ್ಲ.

"ನಾಳೆ ಊರಿಗೂರ ಎದ್ದು ಆತನ ಮುಖಾ ನೋಡತೈತಿ. ನನ್ನ ಕೂಸೊಂದು ಆತಗ ಬೆನ್ನು ಕೊಟ್ಟು ನಿಂದರಬೇಕೇನ್ರಿ? ಆಚಿ ಸರೀರಿ. ತಗದು ತಿರುಗಿಸಿ ಮಲಗಸ್ತೀನಿ."

ಹಾರೆ ಒಮ್ಮೆ ನೆಲಕ್ಕೆ ಬಿತ್ತು. ಹನ್ನವ್ವನವರು ಅದನ್ನು ತಡೆಯಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಸತ್ತವರು ಏಳೂದಿಲ್ಲ ಅಂದಾವ ನೀ. ಏಳೂದ ಇಲ್ಲಂದ್ರ ಯಾ ಕಡಿ ಮುಖಾ ಇದ್ರೇನೋ?"

ಮೇಲೆತ್ತಿದ ಹಾರೆ ಹಾಗೇ ನಿಂತಿತು. ಇಷ್ಟು ದಿನ ಬಾಯಿ ಹೇಳಿದ್ದು ಒಂದು, ಈಗ ಕೈ ಹೇಳುತ್ತಿರುವುದು ಇನ್ನೊಂದು. ಎರಡರಲ್ಲಿ ಒಂದು ಮಾತ್ರ ನಿಜವಾಗಿರಬಹುದು. ಯಾವುದೆಂದು ಅವನಿಗೆ ಆ ಕ್ಷಣ ತಿಳಿಯಿತು. ಅವನು ಗೋರಿಯ ಪಕ್ಕ ಕುಸಿದು ಕೂತ.

ಹನ್ನವ್ವನವರೂ ಕೂತರು. ಗೋರಿಯ ಮಣ್ಣು ಸವರುತ್ತ ಕೇಳಿದರು: "ಲುದಿಯಾ ಮನ್ಯಾಗ ಮಲಗಿಸಿದಂಗ ಮಲಗತಿದ್ಲೇನು?"

"ಎಲ್ಲೀದ್ರಿ. ಇಲ್ಲಿ ತಲಿ ಇಟ್ರ ನಸಿಕಿನ್ಯಾಗ ಅಲ್ಲಿರತಿದ್ಲು. ಕಾಲು ನನ್ನ ಗದ್ದಕ್ಕ." ಅಳುವಿನ ನಡುವೆಯೇ ಅವನಿಗೆ ನಗು ಬಂತು.

"ಮುಂಜಾನಿ ನೀ ಹೆಸರು ಹಿಡಿದು ಕರದ್ರ?"

"ಕಣ್ಣು ತೆರಿಯೂಕಿಂತ ಮೊದಲ ಓಡಿ ಬರತಿದ್ಲು."

"ದಿಕ್ಕು ಹುಡುಕತಿದ್ಲೇನು?"

ಅವನು ತಲೆಯಾಡಿಸಿದ. ಇಲ್ಲ.

"ಆಕಿನ್ನ ಏಳಂತ ಕರಿಯಾಂವ ನಿನಗಿಂತ ದೊಡ್ಡಾಂವ. ಆತನ ದನಿ ಆಕಿಗೆ ಗೊತ್ತೈತಿ. ಹಾರಿ ತಗೊಂಡು ಹೋಗು ತಮ್ಮಾ, ಕೂಸು ಮಲಗೇತಿ."

ಮರುದಿನ ನಸುಕಿಗೆ ಸಭೆಯವರೆಲ್ಲ ಬಿಳಿ ಬಟ್ಟೆ ಉಟ್ಟು ಗೋರಿಗಳ ನಡುವೆ ಸೇರಿದರು. ಬೋಧಕರು ಮುಂದೆ ನಿಂತಿದ್ದರು. ಎಲ್ಲರ ಮುಖ ಮೂಡಣಕ್ಕೆ. ಬಾನು ಕೆಂಪಾಯಿತು, ಬೆಳಗಾಯಿತು. ಸೂರ್ಯ ಪೂರ್ತಿ ಮೇಲೆ ಬಂದ. ಬಂದವನು ಸೂರ್ಯ ಮಾತ್ರ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಯಾವುದೋ ಮಗು ಹಸಿವೆಂದು ಅತ್ತಿತು. ಸಂತೆಗೆ ಹೊರಟಿದ್ದ ಎತ್ತಿನ ಚಕ್ಕಡಿಯಿಂದ ಒಬ್ಬ ಕೂಗಿದ:

"ಏನ್ರೋ, ಬರಲಿಲ್ಲೇನು ನಿಮ್ಮ ಕರ್ತ? ಬಸ್ಸು ತಪ್ಪಿತೇನು?"

ಬೋಧಕರು ತಲೆ ತಗ್ಗಿಸಿದರು. ಉತ್ತರ ಬಂದದ್ದು ಹಿಂದಿನಿಂದ, ಒಂದು ಸಣ್ಣ ಗೋರಿಯ ಬಳಿಯಿಂದ. ಗಚ್ಚು ಮೆತ್ತಿದ್ದ ಹಳೆಯ ಅಂಗಿಯಲ್ಲೇ ಎಲೀಷಪ್ಪ ಎದ್ದು ನಿಂತಿದ್ದ.

"ಬರ್ತಾನ! ನನ್ನ ಮಗಳು ಇಲ್ಲಿ ಮಲಗ್ಯಾಳ, ಎಬ್ಬಿಸಾಕ ಆತ ಬರ್ತಾನ. ಇವತ್ತಲ್ಲಂದ್ರ ನಾಳೆ ಮುಂಜಾನಿನೂ ನಾ ಇಲ್ಲೇ ಇರತೀನಿ!"

ಚಕ್ಕಡಿಯವನ ನಗು ಬಾಯಲ್ಲೇ ಉಳಿಯಿತು. ನಿನ್ನೆಯವರೆಗೆ ನಗುತ್ತಿದ್ದವನು ಈ ಗೌಂಡಿಯೇ ಎಂದು ಊರಿಗೆಲ್ಲ ಗೊತ್ತಿತ್ತು. ಆಗ ಹನ್ನವ್ವನವರು ಕಸಬರಿಗೆ ಕೆಳಗಿಟ್ಟು, ಎರಡೂ ಕೈ ಎತ್ತಿ, ಆ ಹಬ್ಬದ ವಾಡಿಕೆಯ ಘೋಷ ಕೂಗಿದರು.

"ಕರ್ತನು ಎದ್ದಿದ್ದಾನೆ!"

"ನಿಜವಾಗಿಯೂ ಎದ್ದಿದ್ದಾನೆ!" ಎಂದಿತು ಸಭೆ. ಎರಡನೆಯ ಸಲ ಆ ಕೂಗು ಊರ ಬಾವಿಯವರೆಗೆ ಕೇಳಿಸಿತು. ಯಾರೋ ಓಡಿಹೋಗಿ ದೇವಾಲಯದ ಗಂಟೆ ಹೊಡೆದರು. ಡೋಲಕ್ ಬಂತು, ಹಾಡು ಎದ್ದಿತು. ಬೋಧಕರು ಹನ್ನವ್ವನವರ ಪಾದ ಮುಟ್ಟಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು. ಸಾರವ್ವ ಗಂಡನ ಕೈ ಹಿಡಿದಿದ್ದಳು. ಆ ಹಬ್ಬದಂದು ಕೆಂಪಗಟ್ಟಿಯಲ್ಲಿ ಸೋತವರು ಯಾರೂ ಇರಲಿಲ್ಲ.

ಶಿಲುಬೆಯನ್ನು ತಲೆಯ ಕಡೆಗೆ ಬದಲಿಸೋಣವೇ ಎಂದು ಆಮೇಲೆ ದುರಗಪ್ಪ ಕೇಳಿದ. ಎಲೀಷಪ್ಪ ಒಪ್ಪಲಿಲ್ಲ. "ಇರಲಿ ಬಿಡು. ಎದ್ದ ಕೂಡ್ಲೆ ಕೂಸಿಗೆ ಎದುರಿಗೆ ಶಿಲುಬಿನ ಕಾಣತೈತಿ. ಆಮ್ಯಾಲ ಆತ ಕರೀತಾನ, ತಿರಗತಾಳ" ಎಂದ. ಅದು ಇಂದಿಗೂ ಅಲ್ಲೇ ನಿಂತಿದೆ.

ಪೂಜ್ಯ ಹನ್ನವ್ವನವರು ಪ್ರಭುವಿನಲ್ಲಿ ನಿದ್ರೆಹೋದಾಗ ಅವರ ಗೋರಿಯನ್ನು ಎಲೀಷಪ್ಪನೇ ಕಟ್ಟಿದ. ಅವರ ಕಸಬರಿಗೆಯನ್ನೂ ಅವನೇ ಎತ್ತಿಕೊಂಡ. ಮಣ್ಣು ಮುಚ್ಚುವ ಮೊದಲು ಬಗ್ಗಿದ. ಅವನ ಮಾತು ರಸ್ತೆಯವರೆಗೂ ಕೇಳಿಸಿತು.

"ಮಲಕೋರಿ ಯವ್ವಾ. ಕರದಾಗ ಏಳುವಂತ್ರಿ!"