ನಾಲ್ಕನೇ ಜ್ವರ

ಕಥೆ ಹೇಳಿ ನನಗೆ ಅಭ್ಯಾಸವಿಲ್ಲ. ಎಲ್ಲಾದರೂ ಎಡವಿದರೆ ದಯವಿಟ್ಟು ಕ್ಷಮಿಸಿ. ತಪ್ಪು ನನ್ನದು, ಕಥೆಯದಲ್ಲ.

ಹೊಳೆಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಆಶ್ರಮದಲ್ಲಿ ರೇಷ್ಮೆಯೇ ಎಂದು ನೀವು ಕೇಳಬಹುದು, ಅದಕ್ಕೇ ಹೇಳಿಬಿಡುತ್ತೇನೆ: ಅವರು ಗೂಡು ಕುದಿಸುತ್ತಿರಲಿಲ್ಲ, ಚಿಟ್ಟೆ ಹೊರಬಂದ ಮೇಲೆ ಉಳಿದದ್ದನ್ನೇ ನೂಲುತ್ತಿದ್ದರು.

ಗುರುಗಳ ಹೆಸರು ನಿರ್ವಾಣಯ್ಯ. ಶಿಷ್ಯ ಐತಪ್ಪ ಪಂಡಿತ, ಕರಾವಳಿಯ ನಾಟಿ ವೈದ್ಯ. ಅವನು ಹಿಂದೆಂದೂ ರೇಷ್ಮೆ ಹುಳು ಕಂಡವನಲ್ಲ. ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಔಷಧದ ಚೀಲ ಹೊತ್ತು ಇಲ್ಲಿಗೆ ಬಂದಿದ್ದ. ಬಂದು ಮೂರು ದಿನವಾಗಿತ್ತು. ಒಂದು ಗಳಿಗೆಯೂ ಸುಮ್ಮನೆ ಕೂರಲು ಅವನಿಂದ ಆಗಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹುಳುಮನೆಯಲ್ಲಿ ಸೊಪ್ಪು ತಿನ್ನುವ ಸದ್ದು ನಿಂತಿತ್ತು. ಹೊಳೆಯ ಸದ್ದು ಒಳಗೆ ಬಂದಿತ್ತು.

“ಏನಾಯಿತು ಇವಕ್ಕೆ?” ಎಂದು ಐತಪ್ಪ ಸೊಪ್ಪು ಕುಯ್ಯುವ ಸಾಕವ್ವನನ್ನು ಕೇಳಿದ.

“ಜ್ವರ,” ಎಂದಳು ಅವಳು. “ನಾಲ್ಕನೇ ಜ್ವರ. ಇವತ್ತು ನಮಗೆ ಬಿಡುವು, ಪಂಡಿತ್ರೇ. ಹೋಗಿ ಕಾಲು ಚಾಚಿ.”

ನಮ್ಮ ಕಡೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುವುದನ್ನೇ ಜ್ವರ ಅನ್ನುತ್ತಾರೆ. ಅದು ಕಾಯಿಲೆಯಲ್ಲ. ಹುಳು ತಲೆಯೆತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂರುತ್ತದೆ, ಹಳೆಯ ಚರ್ಮ ಬಿಟ್ಟು ಏಳುತ್ತದೆ. ಐತಪ್ಪನಿಗೆ ಇದು ಗೊತ್ತಿರಲಿಲ್ಲ.

ಅವನು ಓಡಿದ. ನೆಲಬೇವು ಕುದಿಸಿ, ಆರಿಸಿ, ಹುಲ್ಲುಕಡ್ಡಿಯ ತುದಿಯಲ್ಲಿ ಹನಿ ಹನಿಯಾಗಿ ಒಂದು ತಟ್ಟೆಯ ಹುಳುಗಳ ಬಾಯಿಗೆ ಹಿಡಿದ. ಒಂದು ಹುಳು ಚರ್ಮದೊಳಗೆ ಸಿಕ್ಕಿಕೊಂಡು ಸಂಕಟಪಡುತ್ತಿದೆ ಎನಿಸಿತು. ಉಗುರಿನಿಂದ ಬಿಡಿಸಿದ. ಅದು ಅವನ ಅಂಗೈಯಲ್ಲೇ ಸತ್ತಿತು.

ತಲೆಯೆತ್ತಿದರೆ ಬಾಗಿಲಲ್ಲಿ ಗುರುಗಳು.

“ಕೊಂದುಬಿಟ್ಟೆ, ಗುರುಗಳೇ.”

“ಹೌದು.”

“ಜ್ವರ ಅಂದರು. ನಾನು ವೈದ್ಯ. ಕೈಕಟ್ಟಿ ನಿಲ್ಲುವುದು ಹೇಗೆ?”

“ಎಷ್ಟು ತಟ್ಟೆಗೆ ಕಷಾಯ ಕುಡಿಸಿದೆ?”

“ಒಂದಕ್ಕೆ.”

“ಉಳಿದವು ಪುಣ್ಯ ಮಾಡಿದ್ದವು.”

ಗುರುಗಳು ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಆ ದನಿ ಹೇಗಿತ್ತೆಂದು ಹೇಳಲು ನನಗೆ ಬರುತ್ತಿಲ್ಲ.

“ಮಗಳಿಗೆ ಜ್ವರ ಬಂದಾಗ ಏನು ಮಾಡಿದೆ?”

“ಬೇರು ತೇಯ್ದೆ. ಕಷಾಯ ಕಾಯಿಸಿದೆ. ಏಳು ಥರದ್ದು.”

“ಅವಳು ಏನು ಕೇಳಿದಳು?”

ಐತಪ್ಪ ಹುಲ್ಲುಕಡ್ಡಿಯನ್ನು ಬೆರಳಲ್ಲಿ ತಿರುಗಿಸಿದ.

“ಅಪ್ಪಾ, ಹತ್ತಿರ ಕೂತ್ಕೋ ಅಂದಳು. ಇದೊಂದು ಕುದಿಯಲಿ, ಬಂದೆ ಅಂದೆ.”

ಗುರುಗಳು ಅವನ ಕೈಯಿಂದ ಹುಲ್ಲುಕಡ್ಡಿ ತೆಗೆದುಕೊಂಡರು. ತಟ್ಟೆಯ ಪಕ್ಕದ ನೆಲವನ್ನು ತಮ್ಮ ಅಂಗೈಯಿಂದ ಒರೆಸಿದರು. ಅವನು ಕೂರಲಿ ಎಂದು ಒರೆಸಿದ್ದು.

ಅವನು ಕೂತ.

ಕಿಟಕಿಯ ಬೆಳಕು ತಟ್ಟೆಯಿಂದ ತಟ್ಟೆಗೆ ಇಳಿಯಿತು. ತಲೆಯೆತ್ತಿದ ಸಾವಿರ ಹುಳುಗಳು ದೂರದ ಏನನ್ನೋ ಆಲಿಸುವಂತಿದ್ದವು. ಹುಳುಮನೆಯೇ ದಡ ಬಿಟ್ಟು ಹೊಳೆಯ ಮೇಲೆ ಮೆಲ್ಲಗೆ ತೇಲುತ್ತಿದೆ ಎನಿಸಿತು ಅವನಿಗೆ. ತನ್ನ ಕೈಗಳು ಇರುವುದೇ ಅವನಿಗೆ ಮರೆತುಹೋಯಿತು. ಒಮ್ಮೆ ಮೊಣಕಾಲ ಮೇಲೆ ಬಿಸಿಯಾದ ಪುಟ್ಟ ಅಂಗೈಯೊಂದು ಇದ್ದಂತಾಯಿತು. ಅವನು ನೋಡಲಿಲ್ಲ. ನೋಡಿದರೆ ಹೋಗಿಬಿಡುತ್ತದೆ ಎಂದು ಹೆದರಿದ.

ಮರುದಿನ ಬೆಳಿಗ್ಗೆ ಒಂದು ಹುಳು ತನ್ನ ಹಳೆಯ ಚರ್ಮದಿಂದ ಮುಂದಕ್ಕೆ ಸರಿಯಿತು. ಆಮೇಲೆ ಇನ್ನೊಂದು. ಸಾಕವ್ವ ಸೊಪ್ಪಿನ ಬುಟ್ಟಿ ತಂದಿಟ್ಟಳು.

“ಜ್ವರದಿಂದ ಎದ್ದವು, ಗುರುಗಳೇ,” ಎಂದ ಐತಪ್ಪ, ತಾನೂ ಏಳುತ್ತ. “ಸೊಪ್ಪು ಹಾಕಲೇ?”

“ಸಾಕವ್ವ ಹಾಕುತ್ತಾಳೆ,” ಎಂದರು ಗುರುಗಳು. “ಹುಳ ಎದ್ದಿವೆ. ನೀನು ಈಗ ತಾನೇ ಕೂತಿದ್ದೀಯ.”

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜ್ವರಕ್ಕೆ ಕೂತ ಹುಳುವನ್ನು ಯಾರೂ ಮುಟ್ಟುವುದಿಲ್ಲವಲ್ಲ, ಹಾಗೆಯೇ ಐತಪ್ಪನೂ... ಇರಿ, ಒಳಗಿನಿಂದ ಕರೆಯುತ್ತಿದ್ದಾರೆ.