ಕಂಬಳಿ ವರ್ತಕನ ಎರಡು ನುಡಿ

"ಗುರುಗಳೇ, ಮನುಷ್ಯನ ನಿಜವಾದ ಯೋಚನೆ ಅವನ ತಾಯಿನುಡಿಯಲ್ಲೇ ಇರುತ್ತದೆ ಎನ್ನುತ್ತಾರೆ. ಹಾಗಾದರೆ ಪರನುಡಿಯಲ್ಲಿ ಮಾಡಿದ ನಿರ್ಧಾರ ಅವನದಾಗುತ್ತದೆಯೇ?" ಎಂದು ಶಿಷ್ಯ ಗುರುಶಾಂತ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಂಬಳಿ ವರ್ತಕನಿದ್ದ. ಭೀಮಾ ನದಿಯ ಈಚೆಗೆ ಅವನ ಊರು, ಆಚೆಗೆ ಅವನ ವ್ಯಾಪಾರ. ಮನೆಯಲ್ಲಿ ಆಡುವುದು ಕನ್ನಡ, ಆಚೆಯ ಸಂತೆಗಳಲ್ಲಿ ಮರಾಠಿ. ಆ ಮರಾಠಿಯನ್ನು ಯಾರೂ ಅವನಿಗೆ ಕೂರಿಸಿಕೊಂಡು ಕಲಿಸಿರಲಿಲ್ಲ. ಕೊಳ್ಳಲು ಬಂದವರ ಬಾಯಿಂದ ಎತ್ತಿಕೊಂಡದ್ದು. ಚೌಕಾಸಿಗೆ ಸಾಕಾಗುತ್ತಿತ್ತು.

ಒಮ್ಮೆ ಆಚೆಯ ಊರಿನಲ್ಲಿ ಅವನ ಪಾದಕ್ಕೆ ಜಾಲಿಮುಳ್ಳು ಚುಚ್ಚಿತು. ಕಿತ್ತೆಸೆದು ನಡೆದುಬಿಟ್ಟ. ಗಾಯ ಕೀವಾಯಿತು, ಪಾದ ಕಪ್ಪಿಟ್ಟಿತು, ಜ್ವರ ಏರಿತು. ಜೊತೆಗಿದ್ದ ಹೆಂಡತಿಯ ತಮ್ಮ ಅವನನ್ನು ಛತ್ರದಲ್ಲಿ ಮಲಗಿಸಿ ಆ ಊರಿನ ವೈದ್ಯನನ್ನು ಕರೆತಂದ. ವೈದ್ಯ ಗಾಯ ನೋಡಿದ. ಹೊರಗೆ ಹೋಗಿ ಮೈದುನನಿಗೆ ಏನೋ ಹೇಳಿದ. ಮೈದುನ ಒಳಗೆ ಬಂದು ಭಾವನ ಪಕ್ಕ ಕೂತ.

"ಭಾವ, ನಂಜು ಮೇಲೇರುತ್ತಿದೆಯಂತೆ. ನಿಮ್ಮ ಕಾಲು ಕಡಿಯಬೇಕಂತೆ" ಎಂದು ಕನ್ನಡದಲ್ಲಿ ಹೇಳಿ, ಹೇಳಿದವನೇ ಅತ್ತುಬಿಟ್ಟ.

ಕಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ವರ್ತಕನಿಗೆ ಹೆದರಿಕೆ ಹಿಡಿಯಿತು. ಆ ಕಾಲಿಗೆ ಎಣ್ಣೆ ತಿಕ್ಕಿ ಎರೆದ ತಾಯಿ ಕಣ್ಣಿಗೆ ಬಂದಳು. ತಂದೆ ಸತ್ತ ಮೇಲೆ, ತನ್ನ ಕಾಲ ಮೇಲೆ ತಾನು ನಿಂತ ಹುಡುಗ ಎಂದು ಊರಿನವರು ಆಡಿದ ಮಾತು ನೆನಪಾಯಿತು. ಮದುವೆಯಲ್ಲಿ ಮಾವ ಕಾಲು ತೊಳೆದದ್ದು ನೆನಪಾಯಿತು. ಕೇರಿಯ ಕುಂಟನೊಬ್ಬನನ್ನು ಮಕ್ಕಳು ಅಣಕಿಸುತ್ತಿದ್ದದ್ದೂ ನೆನಪಾಯಿತು. ಕಡಿಯುವುದು ಎಂದರೆ ಅವನು ಬಲ್ಲದ್ದು ಕುರಿಯನ್ನು, ಕಟ್ಟಿಗೆಯನ್ನು.

"ಬೇಡ," ಎಂದ. "ಗಾಡಿ ಗೊತ್ತುಮಾಡು. ಸಾಯುವುದಾದರೆ ಊರಿನಲ್ಲಿ ಸಾಯುತ್ತೇನೆ. ಇಡಿಯಾಗಿ ಸಾಯುತ್ತೇನೆ."

ಮೈದುನ ಕೈಮುಗಿದು ಬೇಡಿಕೊಂಡ. ಅಕ್ಕನ ಹೆಸರೆತ್ತಿದ. ಆ ಹೆಸರು ಕೇಳಿ ವರ್ತಕನ ಹಟ ಇನ್ನಷ್ಟು ಬಿಗಿಯಿತು. ಕುಂಟನಾಗಿ ಅವಳ ಮುಂದೆ ಹೇಗೆ ನಿಲ್ಲಲಿ ಎಂದ. ಬೇರೆ ದಾರಿ ಕಾಣದೆ ಮೈದುನ ಗಾಡಿ ಹುಡುಕಲು ಹೋದ.

ಆಗ ವೈದ್ಯ ಒಬ್ಬನೇ ಬಂದ. ಅವನಿಗೆ ಕನ್ನಡ ಬಾರದು. ದೂರ ಹೋಗುವವನಿಗೆ ಒಂದು ಕಟ್ಟಾದರೂ ಕಟ್ಟಿ ಕಳಿಸೋಣವೆಂದು ಬಂದಿದ್ದ. ವರ್ತಕ ಅವನಿಗೂ 'ಇಡಿಯಾಗಿ ಸಾಯುತ್ತೇನೆ' ಎಂದು ಹೇಳಹೊರಟ. ಮರಾಠಿಯಲ್ಲಿ ಅದಕ್ಕೆ ಮಾತು ಸಿಗಲಿಲ್ಲ. ಸಂತೆಯಲ್ಲಿ ಅಂಥ ಮಾತು ಎಂದೂ ಬೇಕಾಗಿರಲಿಲ್ಲ. ಇದ್ದ ಮಾತಿನಲ್ಲೇ ಕೇಳಿದ:

"ಹೋಗುವುದು ಎಷ್ಟು? ಉಳಿಯುವುದು ಎಷ್ಟು?"

"ಮೊಣಕಾಲಿನಿಂದ ಕೆಳಗಿನದು ಹೋಗುತ್ತದೆ. ನೀನು ಉಳಿಯಬಹುದು. ನನ್ನ ಕೈಯಲ್ಲಿ ಸತ್ತವರೂ ಇದ್ದಾರೆ, ಬದುಕಿದವರು ಹೆಚ್ಚು. ಗಾಡಿ ಹತ್ತಿದರೆ ಮಾತ್ರ ನೀನು ಊರು ಮುಟ್ಟುವುದಿಲ್ಲ" ಎಂದ ವೈದ್ಯ.

ವರ್ತಕ ಕಣ್ಣು ಮುಚ್ಚಿಕೊಂಡು ಆ ಮಾತುಗಳನ್ನು ತೂಗಿನೋಡಿದ. ಮರಾಠಿಯಲ್ಲಿ ಕಾಲು ಬರಿಯ ಕಾಲಾಗಿತ್ತು. ಅದಕ್ಕೆ ಯಾರೂ ಎಣ್ಣೆ ತಿಕ್ಕಿರಲಿಲ್ಲ, ಅದನ್ನು ಯಾರೂ ಹೊಗಳಿರಲಿಲ್ಲ. ಅದು ಕೆಟ್ಟಿತ್ತು, ಅಷ್ಟೇ. ಹೆದರಿಕೆ ಹೋಗಲಿಲ್ಲ. ಆದರೆ ಅವನ ಕೊರಳು ಬಿಟ್ಟು ಸ್ವಲ್ಪ ದೂರ ನಿಂತಿತು.

"ಮಾಡಿ" ಎಂದ.

ಮೈದುನ ಗಾಡಿ ತಂದಾಗ ವೈದ್ಯ ನೀರು ಕಾಯಿಸುತ್ತಿದ್ದ. "ಗಾಡಿ ಕಳಿಸಿಬಿಡು. ಬಂದು ನನ್ನ ಹೆಗಲು ಹಿಡಿದುಕೋ" ಎಂದ ವರ್ತಕ.

ವರ್ತಕ ಬದುಕಿದ. ಸುಲಭವಾಗಿ ಅಲ್ಲ. ಹೋದ ಕಾಲಿಗಾಗಿ ಕನ್ನಡದಲ್ಲಿ ಮನಸಾರೆ ಅತ್ತ. ಗಾಯ ಮಾಯಿತು. ಊರುಗೋಲು ಹಿಡಿದು ನಡೆಯುವುದನ್ನು ಮಗುವಿನಂತೆ ಕಲಿತ.

ಹೊರಡುವ ಮುಂಚೆ ವೈದ್ಯನ ಮನೆಗೆ ಹೋದ. ಉಪಕಾರ ಹೇಳಬೇಕೆಂದು ಮರಾಠಿಯಲ್ಲಿ ಬಾಯಿ ತೆರೆದ. ಬಂದದ್ದು, ವ್ಯಾಪಾರ ಮುಗಿಸಿ ಏಳುವಾಗ ಹೇಳುವ "ಒಳ್ಳೆಯದಾಯಿತು, ಬರುತ್ತೇನೆ" ಎಂಬುದೊಂದೇ. ಹೇಳಿದ. ಸಾಲಲಿಲ್ಲ. ಅಲ್ಲೇ ಜಗುಲಿಯ ಮೇಲೆ ಕೂತು ಕನ್ನಡದಲ್ಲಿ ಶುರುಮಾಡಿದ. ತನ್ನ ತಾಯಿ ಎಂಥವಳೆಂದು ಹೇಳಿದ. ಹೆಂಡತಿ ದಾರಿ ಕಾಯುತ್ತಿರುವುದನ್ನು ಹೇಳಿದ. ಜ್ವರ ಇಳಿದ ಬೆಳಿಗ್ಗೆ ಕುಡಿದ ಗಂಜಿಯ ರುಚಿ ಹೇಳಿದ. "ನಿಮ್ಮ ಹೊಟ್ಟೆ ತಣ್ಣಗಿರಲಿ, ನಿಮ್ಮ ಕೈ ಎಂದೂ ಸೋಲದಿರಲಿ" ಎಂದು ಹರಸಿದ.

ವೈದ್ಯನಿಗೆ ಒಂದು ಮಾತೂ ತಿಳಿಯಲಿಲ್ಲ. ಮೈದುನ ಮರಾಠಿಯಲ್ಲಿ ಬಿಡಿಸಿ ಹೇಳಲು ಮುಂದಾದ. ವೈದ್ಯ ಅವನನ್ನು ತಡೆದು, ವರ್ತಕನ ಮಾತು ಮುಗಿಯುವವರೆಗೂ ಕೇಳಿದ. ಆಮೇಲೆ ಕಣ್ಣೊರೆಸಿಕೊಂಡು, ಅವನ ರಟ್ಟೆ ಹಿಡಿದು ಎಬ್ಬಿಸಿ, ಊರ ಹೊರಗಿನವರೆಗೆ ಜೊತೆಯಲ್ಲಿ ನಡೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಗುರುಶಾಂತ ಯೋಚಿಸಿ ಕೇಳಿದ: "ಬೇಡ ಎಂದದ್ದು ಅವನ ತಾಯಿನುಡಿ. ಮಾಡಿ ಎಂದದ್ದು ಪರನುಡಿ. ಎರಡರಲ್ಲಿ ಯಾವುದನ್ನು ಅವನ ಸ್ವಂತದ್ದೆನ್ನೋಣ, ಗುರುಗಳೇ?"

ಗುರುಗಳು ಹೇಳಿದರು: "ನಾನು ಅವನ ಮಗ, ಹುಟ್ಟಿದ್ದು ಅವನು 'ಮಾಡಿ' ಎಂದ ಮರುವರ್ಷ, ನನಗೆ ಎರಡೂ ತಾಯಿನುಡಿಯೇ."