ಕೈ ಎತ್ತಿ ಓಡಿದವನು

"ಬುದ್ಧಿ, ತಪ್ಪು ನನ್ನದಲ್ಲ ಎಂದು ನನಗೆ ಗೊತ್ತಿದೆ. ತಾವು ಅದನ್ನು ಹತ್ತು ಜನರ ಮುಂದೆ ಹೇಳುವ ತನಕ ನಾನು ಕೈಕಟ್ಟಿ ಕೂತರೆ ಏನು ತಪ್ಪು?"

ಹೀಗೆ ಕೇಳಿದವನು ಗುರುಶಾಂತ. ಮಠದ ಔಷಧಿ ಕೋಣೆ ಅವನ ವಶದಲ್ಲಿತ್ತು. ಅವನು ಕೊಟ್ಟ ಕಷಾಯ ಕುಡಿದೇ ಒಬ್ಬ ಮುದುಕನಿಗೆ ವಾಂತಿ ಹಿಡಿಯಿತೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಮುದುಕ ಮನೆಯಲ್ಲಿ ಬೇರೆ ಯಾರದೋ ಪುಡಿ ನುಂಗಿದ್ದನೆಂಬುದು ಗುರುಶಾಂತನಿಗೆ ಗೊತ್ತಿತ್ತು. ಸ್ವಾಮಿಗಳೇ ವಿಚಾರಿಸಿ ತೀರ್ಪು ಹೇಳಲಿ ಎಂದು ಅವನು ಕೋಣೆಗೆ ಬೀಗ ಹಾಕಿ ಹನ್ನೊಂದು ದಿನವಾಗಿತ್ತು. ಜ್ವರ, ಕೆಮ್ಮು ಎಂದು ದೂರದಿಂದ ಬಂದವರು ಬೀಗ ನೋಡಿಕೊಂಡು ಹಿಂದಿರುಗುತ್ತಿದ್ದರು.

ಸ್ವಾಮಿಗಳು ಕಾವಿ ತೊಟ್ಟಿದ್ದು ನಲವತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಎಲ್ಲೋ ಕಾರ್ಖಾನೆಯ ಊರಿನಲ್ಲಿ ನೌಕರಿಯಲ್ಲಿದ್ದರು ಎಂಬುದಷ್ಟೇ ಮಠದವರಿಗೆ ಗೊತ್ತು. ಅವರ ಮಾತು ಸ್ವಲ್ಪ ಖಾರ. ಶಿಷ್ಯನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಕೂತುಕೋ. ನಿಂತುಕೊಂಡೇ ಸಿಟ್ಟು ಮಾಡಿದರೆ ಕಾಲು ನೋಯುತ್ತದೆ. ಒಬ್ಬ ಫುಟ್‌ಬಾಲ್ ಆಟಗಾರನ ಕತೆ ಹೇಳುತ್ತೇನೆ."

"ಫುಟ್‌ಬಾಲೇ, ಬುದ್ಧಿ?"

"ಯಾಕೆ, ನಿನಗೆ ರಾಜ ಮಂತ್ರಿಯೇ ಆಗಬೇಕೋ? ಸುಮ್ಮನೆ ಕೇಳು," ಎಂದು ಸ್ವಾಮಿಗಳು ಹೇಳತೊಡಗಿದರು.

ಒಂದು ಕಾರ್ಖಾನೆಯ ಊರು. ಅಲ್ಲೊಬ್ಬ ಆಟಗಾರನಿದ್ದ. ಅವನ ಹೆಸರು ನಮಗೆ ಬೇಡ. ಊರಿನವರು ಸ್ಟಾಪರ್ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆಯೋಣ. ಗೋಲು ಹೊಡೆಯುವುದು ಅವನ ಕೆಲಸವಲ್ಲ. ಎದುರಾಳಿ ಗೋಲು ಹೊಡೆಯದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಅವನಿಗೆ ಅದೇ ನೌಕರಿ, ಅದೇ ಅನ್ನ. ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊತ್ತು ಕುಣಿಯುವಾಗ ಇವನು ಮೂಲೆಯಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ಅದರ ಬಗ್ಗೆ ಅವನಿಗೆ ಬೇಸರವೇನೂ ಇರಲಿಲ್ಲ.

ಆ ಆಟದಲ್ಲಿ ಒಂದು ನಿಯಮವಿದೆ. ಎದುರು ತಂಡದವರು ಚೆಂಡು ಒದೆಯುವ ಗಳಿಗೆಯಲ್ಲಿ ಅವರ ಫಾರ್ವರ್ಡ್, ಅಂದರೆ ಗೋಲು ಹೊಡೆಯಲು ಮುಂದೆ ನುಗ್ಗುವವನು, ನಮ್ಮ ಕಾವಲಿನವರನ್ನೆಲ್ಲ ದಾಟಿ ಗೋಲಿನ ಹತ್ತಿರ ನಿಂತಿರಬಾರದು. ನಿಂತಿದ್ದರೆ ಅದು ಆಫ್‌ಸೈಡ್. ಅಂಚಿನಲ್ಲಿರುವ ಲೈನ್‌ಮನ್ ಬಾವುಟ ಎತ್ತುತ್ತಾನೆ, ರೆಫ್ರಿ ಸೀಟಿ ಊದುತ್ತಾನೆ, ಆಟ ಅಲ್ಲಿಗೆ ನಿಲ್ಲುತ್ತದೆ. ಸ್ಟಾಪರ್ ಈ ನಿಯಮವನ್ನೇ ಬಲೆ ಮಾಡಿಕೊಂಡಿದ್ದ. ಸರಿಯಾದ ಗಳಿಗೆ ನೋಡಿ "ಮುಂದಕ್ಕೆ!" ಎಂದು ಕೂಗುತ್ತಿದ್ದ. ಅವನೂ ಅವನ ಜೊತೆಯ ಮೂವರೂ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಸರಿಯುತ್ತಿದ್ದರು. ಎದುರಾಳಿಯ ಫಾರ್ವರ್ಡ್ ಒಬ್ಬನೇ ಹಿಂದೆ ಉಳಿದು ಪೆಚ್ಚಾಗಿ ನಿಲ್ಲುತ್ತಿದ್ದ. ಆಗ ಸ್ಟಾಪರ್ ಬಲಗೈ ಎತ್ತಿ ಲೈನ್‌ಮನ್ ಕಡೆ ನೋಡುತ್ತಿದ್ದ. ಬಾವುಟ ಮೇಲೇಳುತ್ತಿತ್ತು. ಇಪ್ಪತ್ತೊಂದು ವರ್ಷದ ಹುಡುಗನಿಗೆ ಆ ಲೆಕ್ಕ ಯಾರು ಕಲಿಸಿದ್ದರೋ ಏನೋ, ಒಂದು ಗೇಣೂ ತಪ್ಪುತ್ತಿರಲಿಲ್ಲ.

ಅವನ ಹಿಂದೆ ಗೋಲು ಕಾಯುತ್ತಿದ್ದವನು ಅವನ ಬೀದಿಯವನೇ. ಇಬ್ಬರೂ ಒಟ್ಟಿಗೆ ಮಣ್ಣಿನಲ್ಲಿ ಬಿದ್ದು ಬೆಳೆದವರು. ಸ್ಟಾಪರ್ ಕೈ ಎತ್ತಿದನೆಂದರೆ ಗೋಲ್‌ಕೀಪರ್ ನಿಟ್ಟುಸಿರು ಬಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದ. ಗೆಳೆಯನ ಮೇಲೆ ಅಷ್ಟು ನಂಬಿಕೆ.

ಒಂದು ವರ್ಷ ಆ ತಂಡ ದೊಡ್ಡ ಪಂದ್ಯಾವಳಿಯ ಫೈನಲ್ ತಲುಪಿತು. ಊರಿಗೆ ಊರೇ ಮೈದಾನದಲ್ಲಿತ್ತು. ಆಟ ಮುಗಿಯಲು ಐದು ನಿಮಿಷ. ಎರಡೂ ಕಡೆ ಗೋಲಿಲ್ಲ. ಎದುರಾಳಿಗಳು ಚೆಂಡನ್ನು ಎತ್ತರಕ್ಕೆ ಒದ್ದರು. ಸ್ಟಾಪರ್ ಕೂಗಿದ, ನಾಲ್ವರೂ ಮುಂದೆ ಸರಿದರು. ಫಾರ್ವರ್ಡ್ ಹಿಂದೆ ಉಳಿದ. ಸ್ಟಾಪರ್ ಕಣ್ಣಿಗೆ ಅದು ಒಂದು ಮೊಳದಷ್ಟು ಅಂತರ. ಅವನು ಕೈ ಎತ್ತಿ ನಿಂತ.

ಬಾವುಟ ಮೇಲೇಳಲಿಲ್ಲ. ಸೀಟಿಯೂ ಕೇಳಲಿಲ್ಲ.

ಅವನು ಎತ್ತಿದ ಕೈ ಇಳಿಸಲಿಲ್ಲ. ಲೈನ್‌ಮನ್ ಮುಖವನ್ನೇ ದುರುಗುಟ್ಟಿ ನೋಡುತ್ತ ನಿಂತ. ಅಷ್ಟರಲ್ಲಿ ಫಾರ್ವರ್ಡ್ ಚೆಂಡು ತಳ್ಳಿಕೊಂಡು ಹೊರಟುಹೋಗಿದ್ದ. ಗೆಳೆಯನ ಕೈ ನೋಡಿ ಸಡಿಲವಾಗಿದ್ದ ಗೋಲ್‌ಕೀಪರ್ ತಡವಾಗಿ ಎಚ್ಚೆತ್ತು, ಮುಂದೆ ಓಡಿಬಂದು, ಫಾರ್ವರ್ಡ್‌ನ ಕಾಲಿಗೆ ಅಡ್ಡ ಬಿದ್ದ. ಮೊಣಕಾಲು ಮುರಿದ ಸದ್ದು ಗ್ಯಾಲರಿಯವರಿಗೂ ಕೇಳಿಸಿತಂತೆ. ಚೆಂಡು ಇಬ್ಬರ ನಡುವಿನಿಂದ ಜಾರಿ ಉರುಳತೊಡಗಿತು. ಎಷ್ಟು ಮೆಲ್ಲಗೆ ಅಂತೀಯೆ, ಅಂಬೆಗಾಲಿಡುವ ಕೂಸೂ ಹೋಗಿ ಹಿಡಿಯಬಹುದಿತ್ತು. ಸ್ಟಾಪರ್ ಹತ್ತು ಹೆಜ್ಜೆ ಓಡಿದ್ದರೆ ಕಾಲಿಗೆ ಸಿಗುತ್ತಿತ್ತು. ಅಯ್ಯೋ, ಆಗಲೂ ಅವನ ಕೈ ಮೇಲೆಯೇ ಇತ್ತು, ಕಣ್ಣು ಲೈನ್‌ಮನ್ ಮೇಲೆಯೇ ಇತ್ತು. ಚೆಂಡು ಗೆರೆ ದಾಟಿ ಒಳಗೆ ಹೋಗಿ ನಿಂತಿತು.

ತಂಡ ಸೋತಿತು. ಗೋಲ್‌ಕೀಪರ್‌ನನ್ನು ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರು. ಅವನು ಇನ್ನು ಆಡುವಂತಿಲ್ಲ ಎಂದು ಡಾಕ್ಟರು ಮೂರನೆಯ ದಿನ ಹೇಳಿದರು. ಸ್ಟಾಪರ್ ಆಸ್ಪತ್ರೆಗೆ ಓಡಿದ. ಹಾಸಿಗೆಯ ಪಕ್ಕ ನಿಂತು ಗೋಳಾಡಿದ.

"ಅದು ಆಫ್‌ಸೈಡ್ ಕಣೋ. ದೇವರಾಣೆಗೂ ಆಫ್‌ಸೈಡ್. ಆ ಲೈನ್‌ಮನ್ ಕಣ್ಣು ಕುರುಡಾಗಿತ್ತು."

ಗೋಲ್‌ಕೀಪರ್ ಸೂರು ನೋಡುತ್ತ ಮಲಗಿದ್ದ. "ಇರಬಹುದು ಕಣೋ," ಎಂದ. "ನೀನು ಎಲ್ಲಿದ್ದೆ?"

ಅಷ್ಟೇ ಮಾತು. ಬೈದಿದ್ದರೆ ವಾಸಿಯಿತ್ತು, ಎರಡು ಬಿಟ್ಟಿದ್ದರೂ ವಾಸಿಯಿತ್ತು. ಸ್ಟಾಪರ್ ಮನೆಗೆ ಬಂದು ಎರಡು ದಿನ ಬಾಯಿಗೆ ಅನ್ನ ಹಾಕಲಿಲ್ಲ. ತನ್ನ ಮಾತು ಸರಿ ಎಂದು ಸಾಧಿಸಿ ತೋರಿಸುವ ಆಸೆ ಆವತ್ತೇ ಸತ್ತುಹೋಯಿತು. ಅವನಿಗೆ ಬೇಕಾಗಿದ್ದುದು ಒಂದೇ. ಆ ಗೆಳೆಯ ಮತ್ತೊಮ್ಮೆ ತನ್ನನ್ನು ಆಟಗಾರ ಎಂದು ನೋಡಬೇಕು. ಬಾಯಿಬಿಟ್ಟು ಕೇಳಿದರೆ ಸಿಗುವಂಥದ್ದಲ್ಲ ಅದು, ಅವನಿಗೂ ಗೊತ್ತಿತ್ತು.

ಮುಂದಿನ ವರ್ಷ ಅವನು ಆಡಿದ ರೀತಿ ನೋಡಿ ಜನ ಬಿದ್ದು ಬಿದ್ದು ನಕ್ಕರು. ಆಫ್‌ಸೈಡ್ ಎಂದು ಕಂಡರೆ ಅವನು ಕೈ ಎತ್ತುವುದನ್ನು ಬಿಡಲಿಲ್ಲ. ಕಂಡದ್ದನ್ನು ಹೇಳಬೇಕಲ್ಲ! ಆದರೆ ನಿಲ್ಲುವುದನ್ನು ಬಿಟ್ಟ. ಒಂದು ಕೈ ಆಕಾಶಕ್ಕೆ ಎತ್ತಿಕೊಂಡೇ ಫಾರ್ವರ್ಡ್ ಹಿಂದೆ ದಡಬಡ ಓಡುತ್ತಿದ್ದ. ಹೊರಟ ಬಸ್ಸಿನ ಹಿಂದೆ ಓಡುವವನ ಹಾಗೆ ಕಾಣುತ್ತಿದ್ದ. "ಹೋಲ್ಡಾನ್! ಹೋಲ್ಡಾನ್!" ಎಂದು ಗ್ಯಾಲರಿಯವರು ಕಂಡಕ್ಟರ್ ದನಿಯಲ್ಲಿ ಕೂಗಿ ಗೇಲಿ ಮಾಡುತ್ತಿದ್ದರು. ಅವನು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ಸಲ ಓಡಿದರೆ ಒಂಬತ್ತು ಸಲ ಬಾವುಟ ಎದ್ದಿರುತ್ತಿತ್ತು, ಓಟ ದಂಡವಾಗುತ್ತಿತ್ತು. ಹತ್ತನೆಯ ಸಲ ಬಾವುಟ ಏಳುತ್ತಿರಲಿಲ್ಲ, ಆದರೆ ಇವನು ಅಲ್ಲಿರುತ್ತಿದ್ದ.

ನಗುವುದು ನಿಂತಿತು. ದೊಡ್ಡ ಪಟ್ಟಣದ ಕ್ಲಬ್ಬಿನವರು ಬಂದು ಕರೆದುಕೊಂಡು ಹೋದರು. ರಾಜ್ಯದ ತಂಡಕ್ಕೆ ಆಡಿದ, ನಾಯಕನಾದ. ಹದಿನಾರು ವರ್ಷ ಆಡಿದ ನೋಡು! ಎರಡು ಸಲ ಮೂಗು ಮುರಿಯಿತು, ಮೂರು ಹಲ್ಲು ಹೋಯಿತು, ಹುಬ್ಬಿನ ಮೇಲೆ ಎಷ್ಟು ಹೊಲಿಗೆ ಬಿದ್ದವೋ ಅವನಿಗೇ ನೆನಪಿಲ್ಲ. ಅನ್ಯಾಯದ ತೀರ್ಪುಗಳು ಅವನಿಗೆ ಆಮೇಲೆಯೂ ಬಂದವು, ಬೇಕಾದಷ್ಟು ಬಂದವು. ಜೊತೆಯ ಹುಡುಗರು ರೆಫ್ರಿಯನ್ನು ಸುತ್ತುಗಟ್ಟಿ ಜಗಳಕ್ಕೆ ನಿಂತರೆ ಇವನು ಒಬ್ಬೊಬ್ಬನ ಬೆನ್ನಿಗೆ ಕೈ ಹಾಕಿ ಅವರವರ ಜಾಗಕ್ಕೆ ತಳ್ಳಿಕೊಂಡು ಹೋಗುತ್ತಿದ್ದ. "ನಿನ್ನ ಮಾತು ಸರಿಯಪ್ಪ, ಆಟ ಮುಗಿದ ಮೇಲೆ ನಾನೇ ಹೋಗಿ ಹೇಳುತ್ತೇನೆ," ಎನ್ನುತ್ತಿದ್ದ. ಹೇಳಿದಂತೆ ಹೋಗಿ ಹೇಳುತ್ತಲೂ ಇದ್ದ. ಆ ಮನುಷ್ಯನನ್ನು ನೆನೆದರೆ ಈಗಲೂ ನನಗೆ ಎದೆ ಉಬ್ಬುತ್ತದೆ ಗುರುಶಾಂತ, ಸುಳ್ಳು ಯಾಕೆ ಹೇಳಲಿ.

ಗೋಲ್‌ಕೀಪರ್‌ಗೆ ಕಾರ್ಖಾನೆಯ ಗೇಟಿನಲ್ಲಿ ಕೆಲಸ ಸಿಕ್ಕಿತ್ತು. ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಸ್ಟಾಪರ್ ಪ್ರತಿ ಯುಗಾದಿಗೆ ಊರಿಗೆ ಬಂದು ಅವನ ಮನೆಗೆ ಹೋಗುತ್ತಿದ್ದ. ಹೋಳಿಗೆ ಬಡಿಸುತ್ತಿದ್ದರು. ಮಕ್ಕಳ ಓದು, ನೀರಿನ ತಾಪತ್ರಯ, ಹೆಂಡತಿಯ ಬೆನ್ನುನೋವು, ಎಲ್ಲದರ ಮಾತೂ ಆಗುತ್ತಿತ್ತು. ಫುಟ್‌ಬಾಲಿನ ಮಾತು ಮಾತ್ರ ಗೋಲ್‌ಕೀಪರ್ ಬಾಯಿಂದ ಬರುತ್ತಿರಲಿಲ್ಲ. ಹದಿನಾರು ವರ್ಷದಲ್ಲಿ ಒಂದೇ ಒಂದು ಸಲವೂ ಬರಲಿಲ್ಲ. ಸ್ಟಾಪರ್ ಪ್ರತಿ ಸಲವೂ ಹೊರಡುವ ಮುಂಚೆ ಜಗಲಿಯ ಮೇಲೆ ಸುಮ್ಮನೆ ಸ್ವಲ್ಪ ಹೊತ್ತು ಕೂತು, ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

ಮೂವತ್ತೇಳನೆಯ ವಯಸ್ಸಿನಲ್ಲಿ ಅವನು ತನ್ನ ಕಡೆಯ ಪಂದ್ಯವನ್ನು ಅದೇ ಊರಿನಲ್ಲಿ ಆಡಿದ. ಗೋಲ್‌ಕೀಪರ್ ಕೋಲೂರಿಕೊಂಡು ಬಂದು ಗೋಲಿನ ಹಿಂದೆ ಒಂದು ಕುರ್ಚಿಯಲ್ಲಿ ಕೂತಿದ್ದ. ಯಾರ ಬಲವಂತಕ್ಕೆ ಬಂದನೋ, ತಾನಾಗಿ ಬಂದನೋ ಗೊತ್ತಿಲ್ಲ. ಸ್ಟಾಪರ್ ಅವನನ್ನು ನೋಡಿದ. ಬಗ್ಗಿ ಬೂಟಿನ ದಾರ ಮತ್ತೊಮ್ಮೆ ಬಿಗಿದ.

ಕಡೆಯ ನಿಮಿಷಗಳು. ಸ್ಟಾಪರ್‌ನ ತಂಡ ಒಂದು ಗೋಲಿನಿಂದ ಮುಂದಿತ್ತು. ಎದುರಾಳಿಗಳು ಚೆಂಡನ್ನು ಎತ್ತಿ ಒದ್ದರು. ಇಪ್ಪತ್ತರ ಒಬ್ಬ ಫಾರ್ವರ್ಡ್ ಗಾಳಿಯ ಹಾಗೆ ದಾಟಿಹೋದ. ಆಫ್‌ಸೈಡ್ ಎಂದು ಕುರುಡನಿಗೂ ಗೊತ್ತಾಗುವಂತಿತ್ತು. ಸ್ಟಾಪರ್ ಕೈ ಎತ್ತಿದ, ಓಡಿದ. ಮುದಿ ಕಾಲುಗಳು, ಉಬ್ಬಸ ಬರುತ್ತಿತ್ತು, ಆದರೂ ಓಡಿದ. ಫಾರ್ವರ್ಡ್ ಚೆಂಡನ್ನು ಗೋಲಿನತ್ತ ಒದ್ದ. ಸ್ಟಾಪರ್ ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಜಾರಿದ. ಗೆರೆಯ ಮೇಲೆ ಚೆಂಡು ಅವನ ಕಾಲಿಗೆ ತಾಗಿ ಹೊರಗೆ ಹೋಯಿತು. ಅವನು ಹೋಗಿ ಕಂಬಕ್ಕೆ ಬಡಿದ. ಭುಜದ ಮೂಳೆ ಲಟಕ್ ಎಂದಿತು.

ಕಣ್ಣು ಬಿಟ್ಟಾಗ ಜನ ನಗುತ್ತಿದ್ದರು. ಬಾವುಟ ಆಗಲೇ ಎದ್ದಿತ್ತು. ರೆಫ್ರಿ ಆಗಲೇ ಸೀಟಿ ಊದಿದ್ದ. ಫಾರ್ವರ್ಡ್ ತಮಾಷೆಗೆ ಒದ್ದ ಚೆಂಡು ಅದು. ಒಳಗೆ ಹೋಗಿದ್ದರೂ ಗೋಲಾಗುತ್ತಿರಲಿಲ್ಲ. ಭುಜ ಸುಮ್ಮನೆ ಮುರಿದಿತ್ತು.

ನಗದೆ ಉಳಿದವನು ಒಬ್ಬನೇ. ಅವನು ಕೋಲೂರಿಕೊಂಡು ಗೆರೆ ದಾಟಿ ಒಳಗೆ ಬಂದ. ಮಡಚಲಾಗದ ಕಾಲನ್ನು ನೀಳವಾಗಿ ಚಾಚಿ, ಗೆಳೆಯನ ಪಕ್ಕ ಹುಲ್ಲಿನ ಮೇಲೆ ಕಷ್ಟಪಟ್ಟು ಕೂತ. ಕೈ ಆಡಿಸಲಾಗದೆ ಬಿದ್ದಿದ್ದವನ ಬೂಟಿನ ದಾರವನ್ನು ತಾನೇ ಬಿಚ್ಚತೊಡಗಿದ.

"ಲೋ, ಎಡಗಾಲು ಮುಂದಿಟ್ಟು ಜಾರೋದಲ್ವೇನೋ," ಎಂದು ರೇಗಿದ. "ಭುಜ ಉಳೀತಿತ್ತು. ಇಷ್ಟು ವರ್ಷ ಆಡಿ ಅಷ್ಟೂ ಗೊತ್ತಾಗಲ್ವಾ ನಿನಗೆ?"

ಸ್ಟಾಪರ್ ಮಲಗಿದಲ್ಲೇ ಮಗುವಿನ ಹಾಗೆ ಅತ್ತ. ಮೂಳೆ ಮುರಿದ ನೋವಿಗೆ ಅಳುತ್ತಿದ್ದಾನೆಂದು ಜನ ಅಂದುಕೊಂಡರು. ಗೋಲ್‌ಕೀಪರ್ ಮಾತ್ರ ಬೈಯುತ್ತಲೇ ಇದ್ದ. ಜಾರಿದ್ದು ತಪ್ಪು, ಓಡಿದ ಹಾದಿ ತಪ್ಪು, ಆ ಹೊಸ ಗೋಲ್‌ಕೀಪರ್ ನಿಂತ ಜಾಗ ತಪ್ಪು. ಸ್ಟ್ರೆಚರ್ ಬಂದ ಮೇಲೂ ಅದರ ಪಕ್ಕದಲ್ಲೇ ಕುಂಟುತ್ತ, ಗೇಟಿನ ತನಕ ಫುಟ್‌ಬಾಲಿನ ಮಾತೇ ಆಡಿಕೊಂಡು ಹೋದ.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಶಾಂತ ತಲೆ ತಗ್ಗಿಸಿ ಕೂತಿದ್ದ. ಆದರೂ ಒಳಗೆ ಒಂದು ವಿಷಯ ಕೊರೆಯುತ್ತಿತ್ತು. ಕೇಳದೆ ಇರಲಾಗಲಿಲ್ಲ.

"ಬುದ್ಧಿ, ಮೊದಲ ಫೈನಲ್‌ನಲ್ಲಿ ಅವನು ಕೈ ಎತ್ತಿ ನಿಂತನಲ್ಲ, ಅದು ನಿಜವಾಗಿ ಆಫ್‌ಸೈಡ್ ಆಗಿತ್ತೋ ಇಲ್ಲವೋ? ಅದನ್ನು ತಾವು ಹೇಳಲೇ ಇಲ್ಲ."

"ಆಗಿತ್ತಪ್ಪಾ," ಎಂದರು ಸ್ವಾಮಿಗಳು. "ಆವತ್ತು ಆ ಬಾವುಟ ಹಿಡಿದು ನಿಂತಿದ್ದವನು ನಾನೇ."